ಎಡಗೈ ಬ್ರೇಕು, ಬಲಗೈ ಬ್ರೇಕು

1976ರ ಅಕ್ಟೋಬರ್ 21ರಂದು ಉತ್ತರ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಪಕ್ಕದ ಗುಡ್ಡದ ನೆತ್ತಿಗೆ ಕೆಲವು ಹುಡುಗರು ಹಳೇ ಸೈಕಲ್ಲುಗಳನ್ನು ತಳ್ಳಿಕೊಂಡು ಹೋದರು. ಅಲ್ಲಿಂದ ಕೆಳಗಿಳಿಯುವ ಮಣ್ಣುರಸ್ತೆಯ ಉದ್ದ ಎರಡು ಮೈಲಿಗಿಂತ ತುಸು ಹೆಚ್ಚು, ಇಳಿತ 1300 ಅಡಿ. ಯಾರು ಬೇಗ ಕೆಳಗೆ ತಲುಪುತ್ತಾರೆ ಎಂಬ ಬಹುದಿನದ ವಾದ ಅವತ್ತು ತೀರ್ಮಾನವಾಗಬೇಕಿತ್ತು. ಹೊತ್ತು ಅಳೆಯಲು ನೌಕಾಪಡೆಯ ಹಳೆಯ ಕ್ರೊನೋಮೀಟರ್ ಒಂದು, ಸೆಕೆಂಡಿನ ಮುಳ್ಳಿದ್ದ ಅಲಾರಾಂ ಗಡಿಯಾರ ಒಂದು. ಗೆದ್ದವರು ಅಲನ್ ಬಾಂಡ್ಸ್. ಗುಟ್ಟೇನೂ ಇರಲಿಲ್ಲ. ದಾರಿಯಲ್ಲಿ ಮಿಕ್ಕವರೆಲ್ಲ ಬಿದ್ದರು, ಇವರು ಬೀಳಲಿಲ್ಲ.

ಆ ಸೈಕಲ್ಲುಗಳಿಗೆ ನಮ್ಮ ಅಟ್ಲಾಸ್, ಹೀರೋಗಳಿಗಿದ್ದಂಥ ಕಂಬಿ ಬ್ರೇಕು ಇರಲಿಲ್ಲ. ಇದ್ದದ್ದು ಕೋಸ್ಟರ್ ಬ್ರೇಕು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಗಾಲಿಯ ಹಬ್ ಒಳಗೇ ಹಿಡಿದುಕೊಳ್ಳುವ ಏರ್ಪಾಡು, ಅದರ ಸುತ್ತ ತುಂಬಾ ಗ್ರೀಸು. ಊರೊಳಗೆ ಪೇಪರ್ ಹಾಕಿಕೊಂಡು ಬರುವುದಕ್ಕೆ ಇಷ್ಟು ಸಾಕು. ಮೂರು ಕಿಲೋಮೀಟರಿಗೂ ಮಿಕ್ಕಿದ ಇಳಿಜಾರಿನಲ್ಲಿ ಒಂದೇ ಸಮನೆ ಹಿಂದಕ್ಕೆ ಒತ್ತಿ ಹಿಡಿದಾಗ ಮಾತ್ರ ಲೋಹಕ್ಕೆ ಲೋಹ ಉಜ್ಜಿ ಕಾದು, ಗ್ರೀಸು ಕರಗಿ ಸುಟ್ಟು, ಹಬ್‌ನಿಂದ ಹೊಗೆ ಎದ್ದು ಬರುತ್ತಿತ್ತು. ಕೆಳಗೆ ತಲುಪುವ ಹೊತ್ತಿಗೆ ಒಳಗೆಲ್ಲ ಒಣಒಣ. ಮನೆಗೆ ಹೋಗಿ ಹಬ್ ಬಿಚ್ಚಿ, ಒರೆಸಿ, ಹೊಸ ಗ್ರೀಸು ತುಂಬಿ ಮತ್ತೆ ಜೋಡಿಸಬೇಕು. ಆ ಕೆಲಸಕ್ಕೆ ಅಲ್ಲಿಯವರು ರೀಪ್ಯಾಕ್ ಅನ್ನುತ್ತಿದ್ದರು, ಪಂದ್ಯಕ್ಕೂ ದಾರಿಗೂ ಅದೇ ಹೆಸರು ಅಂಟಿಕೊಂಡಿತು. ಎಲ್ಲರೂ ವೇಗದ ಆಟವೆಂದು ಹೊಗಳುವ ಮೌಂಟನ್ ಬೈಕಿಂಗ್‌ನಲ್ಲಿ ಯಾವ ಸಾಮಾನು ಕೊಳ್ಳಬೇಕು, ಯಾವ ಕಾಡಿಗೆ ಬಿಡುತ್ತಾರೆ, ಕೈಕಾಲು ಉಳಿಸಿಕೊಳ್ಳುವುದು ಹೇಗೆ ಎಂಬ ಮೂರು ಪ್ರಶ್ನೆಗಳೂ ಸುತ್ತಿ ಬಳಸಿ ಬ್ರೇಕಿನ ಹತ್ತಿರವೇ ಬರುತ್ತವೆ.

ಪಂದ್ಯ ನಡೆಸುತ್ತಿದ್ದವರು ಚಾರ್ಲಿ ಕೆಲ್ಲಿ. ವೃತ್ತಿ, ರಾಕ್ ಬ್ಯಾಂಡೊಂದರ ಸಾಮಾನು ಸಾಗಿಸುವುದು. ದಾರಿಯ ದಾಖಲೆ ಗ್ಯಾರಿ ಫಿಷರ್ ಹೆಸರಿನಲ್ಲಿದೆ, 4 ನಿಮಿಷ 22 ಸೆಕೆಂಡು. ಇವರನ್ನು 1968ರಲ್ಲಿ ತಲೆಗೂದಲು ಉದ್ದವಾಯಿತೆಂದು ರಸ್ತೆ ಪಂದ್ಯಗಳಿಂದ ಹೊರಗಿಟ್ಟಿದ್ದರು. ಎರಡೇ ಸೆಕೆಂಡು ಹಿಂದಿದ್ದವರು ಜೋ ಬ್ರೀಜ್. ಇವರ ಜೊತೆ ಕ್ಯಾಮೆರಾ ಹೊತ್ತು, ತಾವೂ ಸೈಕಲ್ ಓಡಿಸುತ್ತಿದ್ದ ವೆಂಡಿ ಕ್ರ್ಯಾಗ್ ಇರದಿದ್ದರೆ ಆ ಕಾಲದ ಫೋಟೋಗಳು ನಮಗೆ ಸಿಗುತ್ತಿರಲಿಲ್ಲ. ಸೈಕಲ್ಲುಗಳೋ, 1930-40ರ ದಶಕದ ಶ್ವಿನ್ ಎಕ್ಸೆಲ್ಸಿಯರ್‌ಗಳು. ಗುಜರಿಯಲ್ಲಿ ಬಿದ್ದಿದ್ದ ಇಪ್ಪತ್ತು ಕೆ.ಜಿ. ಆಸುಪಾಸಿನ ಕಬ್ಬಿಣ, ದಪ್ಪ ಬಲೂನು ಟಯರು. ಮಡ್‌ಗಾರ್ಡು, ಚೈನ್ ಕವರು ಎಲ್ಲ ಕಿತ್ತು ಬಿಸಾಡಿದ ಮೇಲೆ ಉಳಿದದ್ದನ್ನು ಕ್ಲಂಕರ್ ಅನ್ನುತ್ತಿದ್ದರು. ಗಡಗಡ ಸದ್ದು ಮಾಡುವುದಕ್ಕೆ ಒಪ್ಪುವ ಹೆಸರೇ.

ಈ ಕಥೆಯಲ್ಲಿ ಕನ್ನಡಿಗರಿಗೆ ಪರಿಚಯದ ಊರೊಂದು ಬರುತ್ತದೆ. 1974ರ ಡಿಸೆಂಬರಿನಲ್ಲಿ ಮಿಲ್ ವ್ಯಾಲಿಯಲ್ಲಿ ನಡೆದ ಸೈಕ್ಲೋಕ್ರಾಸ್ ಪಂದ್ಯಕ್ಕೆ ಕ್ಯೂಪರ್ಟಿನೋದಿಂದ ಮಾರೋ ಡರ್ಟ್ ಕ್ಲಬ್ ಎಂಬ ಗುಂಪಿನ ಹುಡುಗರು ಬಂದಿದ್ದರು. ಅವರೂ ತಂದದ್ದು ದಪ್ಪ ಟಯರಿನ ಹಳೇ ಸೈಕಲ್ಲುಗಳನ್ನೇ. ಆದರೆ ಅವಕ್ಕೆ ಗೇರು ಕೂರಿಸಿದ್ದರು, ಹೆಬ್ಬೆರಳಲ್ಲೇ ಗೇರು ಬದಲಿಸುವ ಸನ್ನೆ ಹಾಕಿದ್ದರು, ಡ್ರಮ್ ಬ್ರೇಕು ಜೋಡಿಸಿದ್ದರು. ಮಿಲ್ ವ್ಯಾಲಿ, ಫೇರ್‌ಫ್ಯಾಕ್ಸ್ ಕಡೆಯ ಮರಿನ್ ಕೌಂಟಿಯವರು ಕಣ್ಣರಳಿಸಿ ನೋಡಿದರು. ಆಮೇಲೆ ಕ್ಯೂಪರ್ಟಿನೋದವರು ಆ ಆಟದಿಂದ ಮರೆಯಾದರು, ನೋಡಿದವರು ಹೆಸರು ಮಾಡಿದರು. ಆಪಲ್ ಕಂಪನಿಗಿಂತ ಮುಂಚೆ, ದೋಸೆ ಹೋಟೆಲುಗಳಿಗಿಂತ ಎಷ್ಟೋ ಮುಂಚೆ, ಆ ಊರಿನ ಮೊದಲ ಸ್ಟಾರ್ಟಪ್ ಇದೇ ಇರಬೇಕು. ಷೇರು ಹಂಚಲಿಲ್ಲ ಅಷ್ಟೆ.

ಅಲ್ಲಿಂದ ಮುಂದಿನದು ಬೇಗ ನಡೆಯಿತು. ಮೆಷಿನಿಸ್ಟ್ ತಂದೆಯ ಮಗನಾದ ಜೋ ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು; ಆ ಮೊದಲ ಬ್ರೀಜರ್ ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. 1979ರಲ್ಲಿ ಟಾಮ್ ರಿಚಿ ಬೆಸುಗೆ ಹಾಕಿಕೊಟ್ಟ ಫ್ರೇಮುಗಳನ್ನು ಫಿಷರ್ ಮತ್ತು ಕೆಲ್ಲಿ ಮಾರತೊಡಗಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಸ್ಟಂಪ್‌ಜಂಪರ್ ಎಂಬ ಹೆಸರಿನಲ್ಲಿ ಕಾರ್ಖಾನೆಯಲ್ಲೇ ತಯಾರಾದ ಮೌಂಟನ್ ಬೈಕನ್ನು ಅಂಗಡಿಗೆ ತಂದಿತು. 1996ರಲ್ಲಿ ಆಟ ಅಟ್ಲಾಂಟಾ ಒಲಿಂಪಿಕ್ಸಿಗೆ ಹೋಯಿತು. ಗುಜರಿಯಿಂದ ಒಲಿಂಪಿಕ್ಸಿಗೆ ಇಪ್ಪತ್ತು ವರ್ಷ.

ಈಗ ಕ್ಯೂಪರ್ಟಿನೋ ಪಕ್ಕದ ಸನ್ನಿವೇಲಿನಲ್ಲಿರುವ ಹಾಸನದ ಕಡೆಯ ಒಬ್ಬ ಎಂಜಿನಿಯರನ್ನು ಊಹಿಸಿಕೊಳ್ಳಬಹುದು. ಕಷ್ಟಪಟ್ಟು ಊಹಿಸಬೇಕಿಲ್ಲ, ಅಂಥವರು ಬೇಕಾದಷ್ಟು ಜನ ಇದ್ದಾರೆ. ನಲವತ್ತು ದಾಟಿದೆ, ಡಾಕ್ಟರು ಕೊಲೆಸ್ಟ್ರಾಲಿನ ಮಾತು ಎತ್ತಿದ್ದಾರೆ, ಆಫೀಸಿನಲ್ಲಿ ಪಕ್ಕದ ಸೀಟಿನವನು ಪ್ರತಿ ಸೋಮವಾರ ಮೊಣಕಾಲಿನ ತರಚು ಗಾಯವನ್ನು ಪದಕದಂತೆ ತೋರಿಸುತ್ತಾನೆ. ಇವರೂ ಸೈಕಲ್ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಶಾಕ್ ಇರುವುದು. ಫುಲ್ ಸಸ್ಪೆನ್ಷನ್, ಅಂದರೆ ಹಿಂದೆಯೂ ಇರುವುದು. ಗಾಲಿ 27.5 ಇಂಚಿನದೋ 29ರದೋ? ಶಾಕಿನ ಓಡಾಟ 120 ಮಿಲಿಮೀಟರೋ 150ಯೋ 170ಯೋ? ಫ್ರೇಮು ಅಲ್ಯೂಮಿನಿಯಮ್ಮೋ ಕಾರ್ಬನ್ನೋ? ಬೆಲೆ ಸಾವಿರ ಡಾಲರಿಂದ ಶುರುವಾಗಿ ಹತ್ತು ಸಾವಿರ ದಾಟಿ ಹೋಗುತ್ತದೆ.

ಆರು ತಿಂಗಳಿಗೆಂದು ಬಂದ ಅಮ್ಮ ಗ್ಯಾರೇಜಿನಲ್ಲಿ ನಿಂತು ಹೊಸ ಸೈಕಲ್ಲನ್ನು ಒಂದು ಸುತ್ತು ನೋಡುತ್ತಾರೆ.

"ಎಷ್ಟು ಕೊಟ್ಟೆಯೋ ಇದಕ್ಕೆ?"

"ಹೇಳಿದ್ರೆ ಬಯ್ತೀಯ, ಬಿಡಮ್ಮ."

"ಸ್ಟ್ಯಾಂಡ್ ಇಲ್ಲ. ಮಡ್‌ಗಾರ್ಡಿಲ್ಲ. ಕ್ಯಾರಿಯರ್ರಂತೂ ಇಲ್ಲ. ಹೋಗಲಿ ಅಂದ್ರೆ ಒಂದು ಬೆಲ್ಲೂ ಇಲ್ವಲ್ಲೋ!"

ಮಗ ನಗುತ್ತಾನೆ. ಆದರೆ ಅಮ್ಮ ಹೇಳಿದ ನಾಲ್ಕರಲ್ಲಿ ಕೊನೆಯದು ನಗುವ ವಿಷಯವಲ್ಲ. ಅದು ಮುಂದೆ ಬರುತ್ತದೆ.

ಹೊಸಬರ ದುಡ್ಡೆಲ್ಲ ಶಾಕಿಗೆ ಹೋಗುತ್ತದೆ. ಅಂಗಡಿಯವರೂ ಅದನ್ನೇ ಒತ್ತಿ ತೋರಿಸುತ್ತಾರೆ, ಸೋಫಾ ಒತ್ತಿ ತೋರಿಸಿದ ಹಾಗೆ. ರಾಕ್‌ಶಾಕ್ಸ್‌ನವರ ಮೊದಲ ಫೋರ್ಕು 1989ರಲ್ಲಿ ಬಂದಾಗ ಅದರ ಓಡಾಟ ಎರಡು ಇಂಚಿನ ಆಸುಪಾಸು. ಅದರಲ್ಲೇ ಜನ ವಿಶ್ವ ಚಾಂಪಿಯನ್ ಆದರು. ಇವತ್ತು ಅದರ ಮೂರು ಪಟ್ಟು ಉದ್ದದ್ದನ್ನು ಕೊಂಡವರಲ್ಲಿ ಎಷ್ಟೋ ಜನ ವಾರಕ್ಕೊಮ್ಮೆ ನುಣ್ಣನೆ ಮಣ್ಣುದಾರಿಯಲ್ಲಿ ಹೋಗಿ ಬರುವವರು. ಉದ್ದ ಶಾಕು ಸೈಕಲ್ಲಿನ ತೂಕ ಹೆಚ್ಚಿಸುತ್ತದೆ, ಏರು ಹತ್ತುವಾಗ ಜೀವ ಹಿಂಡುತ್ತದೆ. ಅದಕ್ಕಿಂತ ಕೆಟ್ಟದ್ದು, ದಾರಿಯ ಕಲ್ಲು ಕೈಗೆ ತಿಳಿಯದಂತೆ ಮಾಡಿ ಸವಾರನಿಗೆ ತಾನು ನಿಪುಣ ಎಂಬ ಭ್ರಮೆ ಹುಟ್ಟಿಸುತ್ತದೆ. ಮೊದಲ ಸೈಕಲ್ಲಿಗೆ ಒಳ್ಳೆಯ ಬ್ರೇಕು, ಒಳ್ಳೆಯ ಟಯರು ಇರುವ ಹಾರ್ಡ್‌ಟೇಲ್ ಸಾಕು ಎಂಬುದು ಈ ಲೇಖನದ ಪಕ್ಷಪಾತ. ಅಂಗಡಿಯವರು ಒಪ್ಪಲಿಕ್ಕಿಲ್ಲ.

ಟಯರಿನದು ಪುಕ್ಕಟೆ ಸುಧಾರಣೆ. ಗಾಳಿ ಕಲ್ಲಿನ ಹಾಗೆ ಇರಬೇಕೆಂದು ಸೈಕಲ್ ಷಾಪಿನಲ್ಲಿ ಪಂಪು ಹೊಡೆದು ಬೆಳೆದವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಆದರೆ ಬೆಟ್ಟದ ದಪ್ಪ ಟಯರಿಗೆ ಇಪ್ಪತ್ತರಿಂದ ಇಪ್ಪತ್ತೈದು ಪಿಎಸ್‌ಐ ಗಾಳಿ ಸಾಕು, ಮುಂದಿನದಕ್ಕೆ ಹಿಂದಿನದಕ್ಕಿಂತ ಒಂದೆರಡು ಕಡಿಮೆ. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗಬೇಕು. ಆಗ ಟಯರು ಕಲ್ಲಿನ ಆಕಾರಕ್ಕೆ ಬಗ್ಗಿ ಹಿಡಿದುಕೊಳ್ಳುತ್ತದೆ, ಬ್ರೇಕು ಹಾಕಿದಾಗ ಜಾರುವುದಿಲ್ಲ. ಟ್ಯೂಬ್ ಇದ್ದರೆ ಇಷ್ಟು ಕಡಿಮೆ ಗಾಳಿಯಲ್ಲಿ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕಚ್ಚಿಹೋಗುತ್ತದೆ, ಅದಕ್ಕೇ ಟ್ಯೂಬಿಲ್ಲದ ಟಯರು. ಒಳಗೆ ಹಾಲಿನಂಥ ಸೀಲಂಟು ಸುರಿದಿರುತ್ತಾರೆ; ಮುಳ್ಳು ಚುಚ್ಚಿದ ಕಡೆ ಅದೇ ಬಂದು ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಕೆಲವು ತಿಂಗಳಿಗೆ ಅದು ಒಣಗುತ್ತದೆ, ಮತ್ತೆ ಸುರಿಯಬೇಕು. ಇದನ್ನು ಮರೆತವರು ಕಾಡಿನ ನಡುವೆ ನೆನಪಿಸಿಕೊಳ್ಳುತ್ತಾರೆ.

ಇನ್ನು ಡಿಸ್ಕ್ ಬ್ರೇಕು. ತೆಳ್ಳಗಿನ ಉಕ್ಕಿನ ತಟ್ಟೆ, ಅದನ್ನು ಎರಡೂ ಕಡೆಯಿಂದ ಒತ್ತುವ ಪ್ಯಾಡು, ಒತ್ತಲು ಎಣ್ಣೆ. ತಟ್ಟೆ 160 ಮಿಲಿಮೀಟರಿನದು ಸಾಮಾನ್ಯ. ಸವಾರರು ತೂಕದವರಾದರೆ ಅಥವಾ ಇಳಿಜಾರು ಉದ್ದವಾದರೆ 180, 200ರದು ಹಾಕಿಸಬೇಕು, ಏಕೆಂದರೆ ದೊಡ್ಡ ತಟ್ಟೆ ಬೇಗ ಕಾಯುವುದಿಲ್ಲ. ರೀಪ್ಯಾಕಿನ ಹೊಗೆಯ ಸಮಸ್ಯೆ ಇವತ್ತಿಗೂ ತೀರಿಲ್ಲ, ಬೇರೆ ಜಾಗಕ್ಕೆ ಹೋಗಿದೆ. ಶಿಮಾನೋ ಬ್ರೇಕಿಗೆ ಮಿನರಲ್ ಆಯಿಲ್, ಇನ್ನು ಕೆಲವಕ್ಕೆ ಕಾರಿನಲ್ಲಿ ಹಾಕುವಂಥ ಡಾಟ್ ಫ್ಲೂಯಿಡ್. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲು ಕೆಡುತ್ತದೆ.

ಡಿಸ್ಕ್ ಬ್ರೇಕು ಒಮ್ಮೊಮ್ಮೆ ಕಿರ್ ಎಂದು ಕಿರುಚುತ್ತದೆ. ಕಿರುಗುಟ್ಟುವ ಯಾವುದಕ್ಕಾದರೂ ಎರಡು ಹನಿ ಕೊಬ್ಬರಿ ಎಣ್ಣೆ ಬಿಡುವುದು ನಮ್ಮ ಮನೆಗಳ ಪದ್ಧತಿ. ಬಾಗಿಲಿನ ತಿರುಗಣಿಗೂ ಅದೇ, ಹೊಲಿಗೆ ಮೆಷಿನ್ನಿಗೂ ಅದೇ. ಇಲ್ಲಿ ಹಾಗೆ ಮಾಡಿದರೆ ಸದ್ದು ನಿಲ್ಲುತ್ತದೆ, ಸೈಕಲ್ಲು ನಿಲ್ಲುವುದಿಲ್ಲ. ಪ್ಯಾಡು ಎಣ್ಣೆ ಕುಡಿದುಬಿಟ್ಟರೆ ಎಸೆದು ಹೊಸದು ಹಾಕಬೇಕು. ಚೈನಿಗೆ ಎಣ್ಣೆ ಸ್ಪ್ರೇ ಮಾಡುವಾಗಲೂ ತಟ್ಟೆಯ ಮೇಲೆ ಒಂದು ಬಟ್ಟೆ ಮುಚ್ಚಿಕೊಳ್ಳುವುದು ಒಳ್ಳೆಯದು.

ಸಣ್ಣಪುಟ್ಟ ಸಾಮಾನುಗಳಲ್ಲಿ ಎರಡನ್ನು ಹೇಳಲೇಬೇಕು. ಒಂದು, ಓಡಿಸುತ್ತಲೇ ಸೀಟನ್ನು ತಗ್ಗಿಸಿ ಏರಿಸುವ ಡ್ರಾಪರ್ ಪೋಸ್ಟ್. ಇಳಿಯುವಾಗ ಸೀಟು ಕೆಳಗೆ ಹೋದರೆ ಸೊಂಟ ಹಿಂದಕ್ಕೆ ತರಲು ಜಾಗವಾಗುತ್ತದೆ, ಮುಗ್ಗರಿಸುವ ಭಯ ಕಡಿಮೆ. ಇದು ತೀರಾ ಹೊಸತೆಂದು ಕಂಪನಿಗಳು ಕುಣಿದದ್ದುಂಟು. 1984ರಲ್ಲೇ ಜೋ ಬ್ರೀಜ್ ಮತ್ತು ಜಾಶ್ ಏಂಜೆಲ್ ಹೈಟ್-ರೈಟ್ ಎಂಬ ಸ್ಪ್ರಿಂಗಿನಿಂದ ಇದೇ ಕೆಲಸ ಮಾಡಿಸಿದ್ದರು. ಇನ್ನೊಂದು, ಹ್ಯಾಂಡಲ್ಲಿನ ಎರಡು ತುದಿಗೆ ಹಾಕುವ ಬಿರಡೆ. ಡಾಲರಿಗೆ ಎರಡು ಬಂದಾವು. ಅದು ಉದುರಿಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿದ್ದಾಗ ಆ ಬರಿಯ ಕೊಳವೆಯ ಬಾಯಿ ಹೊಟ್ಟೆಗೋ ತೊಡೆಗೋ ಹೊಕ್ಕರೆ ಮಾಂಸವನ್ನು ದುಂಡಗೆ ಕತ್ತರಿಸುತ್ತದೆ. ಆಸ್ಪತ್ರೆಯ ಎಮರ್ಜೆನ್ಸಿಯವರಿಗೆ ಇದು ಚೆನ್ನಾಗಿ ಗೊತ್ತು.

ಹೆಲ್ಮೆಟ್ಟಿನ ವಿಷಯದಲ್ಲಿ ಬೆಲೆಗೂ ರಕ್ಷಣೆಗೂ ನೇರ ಸಂಬಂಧವಿಲ್ಲ. ಅಮೆರಿಕದಲ್ಲಿ 1999ರಿಂದ ಮಾರುವ ಪ್ರತಿ ಸೈಕಲ್ ಹೆಲ್ಮೆಟ್ಟೂ ಒಂದೇ ಸರ್ಕಾರಿ ಪರೀಕ್ಷೆ ಪಾಸಾಗಬೇಕು. ಒಳಗೆ ಲೋಹದ ತಲೆ ಇಟ್ಟು ಚಪ್ಪಟೆ ಕಬ್ಬಿಣದ ಮೇಲೆ 2 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ತಲೆಗೆ ತಲುಪುವ ಪೆಟ್ಟು ಇಂತಿಷ್ಟರ ಮೇಲೆ ಹೋಗಕೂಡದು. ಪೆಟ್ಟನ್ನು ನುಂಗುವುದು ಒಳಗಿನ ಥರ್ಮೋಕೋಲಿನಂಥ ನೊರೆ. ಒಮ್ಮೆ ಅದುಮಿದರೆ ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರೂ ಕಾಣದಿರಬಹುದು, ಆದರೂ ಜೋರಾಗಿ ಬಿದ್ದ ಹೆಲ್ಮೆಟ್ಟಿನ ಆಯುಸ್ಸು ಮುಗಿಯಿತು. ತಲೆ ಓರೆಯಾಗಿ ಬಡಿದು ತಿರುಚಿಕೊಂಡಾಗ ಮೆದುಳಿಗಾಗುವ ಘಾಸಿಯನ್ನು ತಗ್ಗಿಸಲು ಸ್ವೀಡನ್ನಿನವರು ಮಿಪ್ಸ್ ಎಂಬ ಜಾರುವ ಪದರವನ್ನು ತಂದರು. ಈಗ ಕಡಿಮೆ ಬೆಲೆಯ ಹೆಲ್ಮೆಟ್ಟುಗಳಲ್ಲೂ ಅದು ಸಿಗುತ್ತದೆ. ಕಡಿದಾದ ಇಳಿಜಾರಿಗೆ, ಬೈಕ್ ಪಾರ್ಕುಗಳಿಗೆ ಗದ್ದವನ್ನೂ ಮುಚ್ಚುವ ಫುಲ್ ಫೇಸ್ ಬೇಕು. ಮೊಣಕಾಲಿನ ಪ್ಯಾಡು, ಬೆರಳು ಪೂರ್ತಿ ಮುಚ್ಚುವ ಗ್ಲೌಸೂ ಬೇಕು. ಬಿದ್ದವರು ಮೊದಲು ಊರುವುದು ಅಂಗೈ, ಮುರಿಯುವುದು ಮಣಿಕಟ್ಟು ಅಥವಾ ಕಾಲರ್ ಬೋನು.

ಇಷ್ಟೆಲ್ಲ ಕೊಂಡ ಸನ್ನಿವೇಲಿನ ಎಂಜಿನಿಯರಿಗೆ ಕಾದಿರುವ ಅಪಾಯ ಅಂಗಡಿಯಲ್ಲಿ ಯಾರೂ ಹೇಳದ್ದು.

ಭಾರತದ ಸೈಕಲ್ಲಿನಲ್ಲಿ ಬಲಗೈಯದು ಮುಂದಿನ ಬ್ರೇಕು, ಎಡಗೈಯದು ಹಿಂದಿನದು. ಇಂಗ್ಲಿಷರಿಂದ ಬಂದ ಕ್ರಮ. ಒಳಪೆಡಲ್ ಹೊಡೆಯುತ್ತಾ ಕಲಿತ ಪ್ರತಿ ಮಗುವಿಗೂ ಮನೆಯವರು, ಅಕ್ಕಪಕ್ಕದವರು, ಬಾಡಿಗೆ ಸೈಕಲ್ ಷಾಪಿನವರು ಸೇರಿ ಒಂದು ಪಾಠ ಕೂಗಿ ಹೇಳಿರುತ್ತಾರೆ: "ಮುಂದಿನ ಬ್ರೇಕ್ ಹಿಡೀಬೇಡ, ಪಲ್ಟಿ ಹೊಡೀತೀಯ!" ಹಾಗಾಗಿ ಗಾಬರಿಯಾದಾಗ ತಾನಾಗಿ ಬಿಗಿಯುವುದು ಎಡಗೈ. ಅಮೆರಿಕದಲ್ಲಿ ಇದು ಉಲ್ಟಾ. ಅಲ್ಲಿನ ಸರ್ಕಾರದ ಸೈಕಲ್ ನಿಯಮದಲ್ಲೇ ಹಿಂದಿನ ಬ್ರೇಕು ಬಲಗೈಗೆ, ಮುಂದಿನದು ಎಡಗೈಗೆ ಎಂದಿದೆ. ಎಡಗೈ ಹಿಡಿದರೆ ಮುಂದಿನ ಗಾಲಿ ನಿಲ್ಲುತ್ತದೆ. ಹೈಡ್ರಾಲಿಕ್ ಡಿಸ್ಕು ಬೇರೆ. ಒಂದು ಬೆರಳಲ್ಲಿ ಎಳೆದರೆ ಸಾಕು, ಇವರು ನಾಲ್ಕು ಬೆರಳಲ್ಲಿ ಹಿಂಡುತ್ತಾರೆ. ಅಮ್ಮ ಬೇಡವೆಂದ ಪಲ್ಟಿ ಮೂವತ್ತು ವರ್ಷದ ಮೇಲೆ ಸಾಂಟಾ ಕ್ರೂಜ್ ಬೆಟ್ಟದಲ್ಲಿ ಆಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಅಂಗಡಿಯಲ್ಲಿ ಹೇಳಿದರೆ ಎರಡು ಬ್ರೇಕಿನ ಸನ್ನೆಗಳನ್ನು ಅದಲುಬದಲು ಮಾಡಿಕೊಡುತ್ತಾರೆ. ಆದರೆ ಅದೇ ಸೈಕಲ್ಲನ್ನು ಅಮೆರಿಕನ್ ಗೆಳೆಯನಿಗೆ ಒಂದು ಸುತ್ತು ಕೊಡುವಾಗ ಎಚ್ಚರಿಸದಿದ್ದರೆ ಪಲ್ಟಿ ಅವನ ಪಾಲಿಗೆ. ಬಾಡಿಗೆಗೆ ತಂದ ಸೈಕಲ್ಲಾದರೆ ಕಾರು ನಿಲ್ಲಿಸುವ ಜಾಗದಲ್ಲೇ ಹತ್ತು ನಿಮಿಷ ಓಡಿಸಿ, ಒಂದೊಂದೇ ಬ್ರೇಕು ಒತ್ತಿ ಕೈಗೆ ಕಲಿಸಬೇಕು.

ಬಾಲ್ಯದ ಆ ಪಾಠವೂ ಅರ್ಧ ಸತ್ಯವೇ. ವೇಗ ಇಳಿಯುವಾಗ ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬೀಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಗಾಲಿಗೆ ಎಷ್ಟು ಬ್ರೇಕು ಹಾಕಿದರೂ ಅದು ತಿರುಗುವುದನ್ನು ಬಿಟ್ಟು ಎಳೆದುಕೊಂಡು ಹೋಗುತ್ತದೆ. ನಿಜವಾಗಿ ನಿಲ್ಲಿಸುವುದು ಮುಂದಿನದೇ. ಪೆಡಲ್ ಮೇಲೆ ಎದ್ದು ನಿಂತು, ಹಿಮ್ಮಡಿ ತಗ್ಗಿಸಿ, ಸೊಂಟ ಹಿಂದೆ ತಂದು, ತೋರುಬೆರಳಲ್ಲಿ ಮೆಲ್ಲಗೆ ಮುಂದಿನ ಬ್ರೇಕು ಹೆಚ್ಚಿಸುತ್ತಾ ಹೋದರೆ ಯಾರೂ ಪಲ್ಟಿ ಹೊಡೆಯುವುದಿಲ್ಲ. ತಿರುವಿನಲ್ಲಿ ಮಾತ್ರ ಇದು ನಡೆಯದು. ತಿರುವಿಗೆ ಮುಂಚೆ, ನೇರವಾಗಿರುವಾಗಲೇ ವೇಗ ಇಳಿಸಿಕೊಂಡು, ತಿರುವಿನಲ್ಲಿ ಬೆರಳು ಸಡಿಲ ಬಿಡಬೇಕು. ಹೇಳುವುದಕ್ಕೆ ಒಂದು ನಿಮಿಷ, ಮೈಗೆ ಬರುವುದಕ್ಕೆ ಒಂದು ಬೇಸಿಗೆ.

ಕಾಡಿನ ಪ್ರಾಣಿಗಳ ಭಯ ಲೆಕ್ಕಕ್ಕಿಂತ ಹೆಚ್ಚು, ಆದರೆ ಸುಳ್ಳಲ್ಲ. 2004ರ ಜನವರಿಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ವೈಟಿಂಗ್ ರ್‍ಯಾಂಚ್ ಕಾಡಿನಲ್ಲಿ ಪರ್ವತಸಿಂಹ ಸೈಕಲ್ ಸವಾರರೊಬ್ಬರನ್ನು ಕೊಂದಿತು. ಅದೇ ದಿನ ಇನ್ನೊಬ್ಬ ಸವಾರಳ ಮೇಲೆ ಎರಗಿದಾಗ ಗೆಳತಿ ಆಕೆಯ ಕಾಲು ಹಿಡಿದು ಬಿಡದೆ ಎಳೆದು ಉಳಿಸಿಕೊಂಡಳು. 2024ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಫಾಲ್ ಸಿಟಿ ಬಳಿ ಐವರು ಮಹಿಳೆಯರ ಗುಂಪಿನಲ್ಲಿ ಒಬ್ಬರ ಮುಖಕ್ಕೆ ಬಾಯಿ ಹಾಕಿದ ಪ್ರಾಣಿಯನ್ನು ಉಳಿದವರು ಬಡಿದು ಬಿಡಿಸಿ, ಸೈಕಲ್ಲನ್ನೇ ಅದರ ಮೇಲೆ ಅಡ್ಡ ಹಾಕಿ, ವನ್ಯಜೀವಿ ಇಲಾಖೆಯವರು ಬರುವ ತನಕ ಒತ್ತಿ ಹಿಡಿದರು. ಸೈಕಲ್ಲಿನ ಈ ಉಪಯೋಗ ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಓಡಬಾರದು, ಬೆನ್ನು ತೋರಿಸಬಾರದು, ಒಬ್ಬರೇ ಹೋಗದಿದ್ದರೆ ಒಳ್ಳೆಯದು. ದಿನನಿತ್ಯದ ಪೀಡೆ ಇನ್ನೊಂದಿದೆ, ಪಾಯ್ಸನ್ ಓಕ್ ಎಂಬ ಪೊದೆ. ಗೇರು, ಮಾವಿನ ಕುಟುಂಬದ್ದೇ. ಗೇರೆಣ್ಣೆ ತಾಗಿ ಮೈ ಸುಟ್ಟುಕೊಂಡ ಕರಾವಳಿಯವರಿಗೆ ಅದರ ಗುಳ್ಳೆಗಳನ್ನು ವರ್ಣಿಸಿ ಹೇಳಬೇಕಿಲ್ಲ.

ಸೈಕಲ್ಲು, ಹೆಲ್ಮೆಟ್ಟು, ಧೈರ್ಯ ಎಲ್ಲ ಆಯಿತು. ಹೋಗುವುದೆಲ್ಲಿಗೆ?

ಮೌಂಟನ್ ಬೈಕ್ ಹುಟ್ಟಿದ ಟಮಾಲ್ಪಾಯಸ್ ಬೆಟ್ಟದಲ್ಲೇ ಅದಕ್ಕೆ ಪೂರ್ತಿ ಪ್ರವೇಶವಿಲ್ಲ. ಬೆಟ್ಟದ ಬಹುಭಾಗ ಮರಿನ್ ಕೌಂಟಿಯ ಜಲಮಂಡಳಿಗೆ ಸೇರಿದ್ದು, ಕುಡಿಯುವ ನೀರಿನ ಜಲಾನಯನ. ಕಾಡ್ಗಿಚ್ಚು ಬಂದಾಗ ಗಾಡಿ ಓಡಾಡಲು ಕಡಿದ ಅಗಲದ ಮಣ್ಣುರಸ್ತೆಗಳಲ್ಲಿ ಸೈಕಲ್ಲಿಗೆ ಬಿಡುತ್ತಾರೆ, ಕಿರಿದಾದ ಕಾಲುದಾರಿಗಳಲ್ಲಿ ಬಹುಮಟ್ಟಿಗೆ ಬಿಡುವುದಿಲ್ಲ. ಮಣ್ಣುರಸ್ತೆಯಲ್ಲೂ ಗಂಟೆಗೆ 15 ಮೈಲಿ ಮಿತಿ, ಎದುರು ಕಾಣದ ತಿರುವಿನಲ್ಲಿ 5. ಎಂಬತ್ತರ ದಶಕದಲ್ಲೇ ರೇಂಜರುಗಳು ಪೊದೆಯ ಹಿಂದೆ ರೇಡಾರ್ ಗನ್ ಹಿಡಿದು ಕೂತು ಸೈಕಲ್ಲುಗಳಿಗೆ ದಂಡ ಹಾಕಿದರು. ರೀಪ್ಯಾಕಿನಲ್ಲಿ ಫಿಷರ್ ಇಳಿದ ಸರಾಸರಿ ವೇಗ ಗಂಟೆಗೆ 25 ಮೈಲಿಗೂ ಮೇಲೆ. ದಾಖಲೆಗೇ ದಂಡ ಬೀಳುತ್ತಿತ್ತು.

ನಡೆಯುವವರ, ಕುದುರೆ ಸವಾರರ ಸಿಟ್ಟಿನಲ್ಲಿ ಒಂದಿಷ್ಟು ಹಳಬರ ಗತ್ತು ಇತ್ತು ನಿಜ. ಆದರೆ ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ಹಕ್ಕಿ ನೋಡುತ್ತಾ ನಿಂತಿರುವಾಗ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಬಂದು ಮೊಣಕೈ ಸವರಿಕೊಂಡು ಹೋದರೆ ಸಿಟ್ಟು ಬರಬೇಕಾದದ್ದೇ. ಮಣ್ಣು ಸವೆಯುತ್ತದೆ ಎಂಬ ಆರೋಪ ಮಾತ್ರ ಅಷ್ಟು ಗಟ್ಟಿಯಲ್ಲ. ಮೊಂಟಾನಾದಲ್ಲಿ ನಡೆದ, 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಾಲಿಗಳಿಗಿಂತ ಗೊರಸು ಮತ್ತು ಪಾದಗಳೇ ಹೆಚ್ಚು ಮಣ್ಣು ಸಡಿಲಿಸುತ್ತವೆ ಎಂದು ಕಂಡಿತು. ಆದರೆ ಹಿಂದಿನ ಬ್ರೇಕನ್ನು ಬಿಗಿಹಿಡಿದು ಗಾಲಿ ಎಳೆದುಕೊಂಡು ಇಳಿಯುವವರು ದಾರಿಯಲ್ಲಿ ಗೀರು ಕೊರೆಯುತ್ತಾರೆ, ಮಳೆಗಾಲದಲ್ಲಿ ಆ ಗೀರಿನಲ್ಲೇ ನೀರು ಹರಿದು ಕಾಲುವೆಯಾಗುತ್ತದೆ. ಮುಂದಿನ ಬ್ರೇಕಿಗೆ ಹೆದರುವವರು ಹೀಗೆ ಇಡೀ ಸಮುದಾಯಕ್ಕೆ ಕೆಟ್ಟ ಹೆಸರು ತರುತ್ತಾರೆ.

ದಾರಿಗಾಗಿ ಹೋರಾಡಲು 1988ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಸಂಘಗಳು ಸೇರಿ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಕಟ್ಟಿದವು. ಅವರು ಬರೆದ ನಿಯಮಗಳಲ್ಲಿ ಜಂಬವಿಲ್ಲ: ತೆರೆದ ದಾರಿಯಲ್ಲೇ ಹೋಗಿ, ಗುರುತು ಬಿಡಬೇಡಿ, ಸೈಕಲ್ಲು ಹತೋಟಿಯಲ್ಲಿರಲಿ, ದಾರಿ ಬಿಡಿ, ಪ್ರಾಣಿಗಳನ್ನು ಹೆದರಿಸಬೇಡಿ, ಸಿದ್ಧರಾಗಿ ಹೋಗಿ. ಅಮೆರಿಕದ ಅನೇಕ ಕಾಡುಗಳ ಬಾಯಲ್ಲಿ ಹಳದಿ ತ್ರಿಕೋನದ ಫಲಕ ಇರುತ್ತದೆ. ಸೈಕಲ್ಲು ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು, ಕುದುರೆ ಯಾರಿಗೂ ಬಿಡಬೇಕಿಲ್ಲ. ಕುದುರೆ ಕಂಡರೆ ಇಳಿದು, ದಾರಿಯ ತಗ್ಗಿನ ಬದಿಗೆ ನಿಂತು, ಸವಾರರ ಜೊತೆ ಏನಾದರೂ ಮಾತಾಡಬೇಕು. ಹೆಲ್ಮೆಟ್ಟು, ಕನ್ನಡಕದ ಈ ವಿಚಿತ್ರ ಪ್ರಾಣಿ ಮನುಷ್ಯನೇ ಎಂದು ಕುದುರೆಗೆ ತಿಳಿಯುವುದು ದನಿಯಿಂದ. ಕನ್ನಡದಲ್ಲಿ ಮಾತಾಡಿದರೂ ಆದೀತು.

ಅಮ್ಮ ಕೇಳಿದ ಬೆಲ್ಲು ಬೇಕಾಗುವುದು ಇಲ್ಲಿ. ಸಾಂಟಾ ಬಾರ್ಬರಾದಲ್ಲಿ ಸ್ವಯಂಸೇವಕರು ಕಾಡುದಾರಿಯ ಬಾಯಲ್ಲಿ ಪೆಟ್ಟಿಗೆ ನೆಟ್ಟು ಪುಕ್ಕಟೆ ಬೆಲ್ಲುಗಳನ್ನಿಟ್ಟರು: ಹೋಗುವಾಗ ಕಟ್ಟಿಕೊಳ್ಳಿ, ಬರುವಾಗ ವಾಪಸ್ ಹಾಕಿ. ಎಂಟು ಸಾವಿರ ಡಾಲರಿನ ಸೈಕಲ್ಲಿಗೆ ದಾನದ ಬೆಲ್ಲು.

ಎಲ್ಲ ಕಡೆ ಇಷ್ಟು ಸೌಮ್ಯವಾಗಿ ನಡೆದಿಲ್ಲ. ಕೆನಡಾದ ನಾರ್ತ್ ವ್ಯಾಂಕೂವರಿನಲ್ಲಿ ಸೈಕಲ್ ದಾರಿಗೆ ಅಡ್ಡಲಾಗಿ ಮತ್ತೆ ಮತ್ತೆ ದಿಮ್ಮಿಗಳು ಬೀಳುತ್ತಿದ್ದವು. ಸವಾರರು ಮರಕ್ಕೆ ಕ್ಯಾಮೆರಾ ಕಟ್ಟಿ ನೋಡಿದರೆ ಬೆಳಗಿನ ಜಾವ ದಿಮ್ಮಿ ಎಳೆಯುತ್ತಿದ್ದವರು ಅರವತ್ತು ದಾಟಿದ ಮಹಿಳೆ. 2015ರಲ್ಲಿ ಅವರ ಮೇಲೆ ಕೇಸು ಬಿತ್ತು. ಮರಿನ್‌ನಲ್ಲಿ ಜಗಳ ಕೋರ್ಟಿಗೆ ಹೋಯಿತು. 2024ರಲ್ಲಿ ಜಲಮಂಡಳಿ ಕೆಲವು ಕಾಲುದಾರಿಗಳನ್ನು ಪ್ರಾಯೋಗಿಕವಾಗಿ ಸೈಕಲ್ಲಿಗೆ ಬಿಡಲು ಒಪ್ಪಿದ್ದೇ ತಡ, ಪರಿಸರ ಸಂಘಟನೆಗಳು ದಾವೆ ಹೂಡಿದವು. ಈ ನಡುವೆ ಫೇರ್‌ಫ್ಯಾಕ್ಸ್ ಪಕ್ಕದ ಟಮರಾಂಚೋ ಎಂಬ ಬಾಯ್ ಸ್ಕೌಟ್ ಶಿಬಿರದವರು ತಮ್ಮ ಜಮೀನಿನಲ್ಲಿ ಪಾಸು ಕೊಂಡವರಿಗೆ ಕಾಲುದಾರಿ ತೆರೆದಿಟ್ಟಿದ್ದಾರೆ. ಸನ್ನಿವೇಲಿನವರಿಗೆ ಹತ್ತಿರದ ಮಿಡ್‌ಪೆನಿನ್ಸುಲಾ ಸಂರಕ್ಷಿತ ಪ್ರದೇಶಗಳಲ್ಲಿ ಸೈಕಲ್ ಬಿಡುವ ದಾರಿಗಳು ಎಷ್ಟೋ ಇವೆ. ಅಲ್ಲಿ ಹೆಲ್ಮೆಟ್ ಕಡ್ಡಾಯ, 15 ಮೈಲಿಯ ಮಿತಿ, ಯಾರನ್ನಾದರೂ ದಾಟುವಾಗ 5.

ಕರ್ನಾಟಕದಲ್ಲಿ ಪ್ರಶ್ನೆ ಇನ್ನೂ ಇಷ್ಟು ಸೂಕ್ಷ್ಮವಾಗಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಗಾಲಿಯ ಮಾತು ಆಮೇಲೆ. ಬೆಂಗಳೂರಿನ ಸೈಕಲ್ ಸವಾರರಿಗೆ ಬಹುಕಾಲ ಮಣ್ಣು, ಬಂಡೆ, ಏರಿಳಿತ ಒದಗಿಸಿದ್ದು ಕನಕಪುರ ರಸ್ತೆ ಬದಿಯ ತುರಹಳ್ಳಿ ಕಾಡು. 2021ರ ಆರಂಭದಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಕಾಡನ್ನು ಕಾಡಾಗಿಯೇ ಬಿಡಿ ಎಂದು ಊರವರು ಬೀದಿಗಿಳಿದರು. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಚಾರಣಿಗರು ಜಾತ್ರೆಯಂತೆ ನೆರೆದ ದೃಶ್ಯ ಎಲ್ಲರ ಫೋನಿಗೆ ಬಂದ ಮೇಲೆ, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣ ದಾರಿಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಆನೆ ಓಡಾಡುವ ದಾರಿಯಲ್ಲಿ ಸದ್ದಿಲ್ಲದೆ ಮೂವತ್ತು ಕಿ.ಮೀ. ವೇಗದಲ್ಲಿ ಇಳಿಯುವ ಹಕ್ಕನ್ನು ಯಾರೂ ಕೇಳಬಾರದು. ಆದರೆ ಊರಂಚಿನ ಕುರುಚಲು ಗುಡ್ಡಗಳಲ್ಲಿ ಗುರುತು ಹಾಕಿದ ದಾರಿ, ಒಂದು ಶುಲ್ಕ, ಒಂದು ವೇಳಾಪಟ್ಟಿ ಅಸಾಧ್ಯವೇನಲ್ಲ. ತಾರೀಖನ್ನೇ ಹಂಚಿಕೊಂಡವರೂ ಇದ್ದಾರೆ.

ಅಮೆರಿಕದಲ್ಲಿ ಟಾಹೋ ಸರೋವರದ ಮೇಲಿನ ಟಾಹೋ ರಿಮ್ ಟ್ರೇಲಿನಲ್ಲಿ ಟಾಹೋ ಮೆಡೋಸ್‌ನಿಂದ ಟನಲ್ ಕ್ರೀಕ್ ತನಕದ ಭಾಗಕ್ಕೆ ಸೈಕಲ್ಲು ಬಿಡುವುದು ಸಮಸಂಖ್ಯೆಯ ತಾರೀಖುಗಳಲ್ಲಿ ಮಾತ್ರ. ಬೆಸ ತಾರೀಖಿನಂದು ನಡೆಯುವವರು ಹಿಂದೆ ತಿರುಗಿ ನೋಡದೆ ನಿಶ್ಚಿಂತೆಯಿಂದ ಹೋಗಬಹುದು. ದೆಹಲಿಯ ಕಾರುಗಳ ಸಮ-ಬೆಸ ನಿಯಮ ಕಂಡವರಿಗೆ ಇದು ಹೊಸದಲ್ಲ. ಇದರಲ್ಲಿ ಸೈಕಲ್ಲಿನವರಿಗೆ ಸಣ್ಣ ನಷ್ಟವಿದೆ: 31 ದಿನದ ತಿಂಗಳು ಮುಗಿಯುವಾಗ ಮೂವತ್ತೊಂದೂ ಬೆಸ, ಮರುದಿನದ ಒಂದೂ ಬೆಸ. ಜುಲೈ, ಆಗಸ್ಟ್ ಎರಡೂ 31 ದಿನದವೇ ಆದ್ದರಿಂದ ದಾರಿ ಒಣಗಿ ಚೆನ್ನಾಗಿರುವ ಬೇಸಿಗೆಯಲ್ಲೇ ಎರಡು ಸಲ ಈ ಜೋಡಿ ರಜೆ ಬರುತ್ತದೆ. ಅಷ್ಟು ದೂರ ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಹೋಗುವವರು ಹೊರಡುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ.